ಕೋವಿ ಬದಲಾಗುತ್ತಾ, ಇಲ್ಲಾ ನಾವೇ ಬದಲಾಗಬೇಕಾ? (7 ಭಾಗಗಳ ಸರಣಿ)

ಭಾಗ 1/7: ಎಡಗೈ ಸಮಸ್ಯೆ

ಈ ಸಲದ ಇತಿಹಾಸ ಸರಣಿ ಕೋವಿ ಬಗ್ಗೆ. ಹೆದರಬೇಡಿ, ಬಿಕಾಂ ಬಿಟ್ಟು ಡಕಾಯಿತಿಗೆ ಇಳಿದಿಲ್ಲ.

ಕಥೆ ಶುರುವಾಗಿದ್ದು ಹೋದ ವರ್ಷದ ಎನ್‌ಸಿಸಿ ಕ್ಯಾಂಪ್‌ನಲ್ಲಿ. ಫೈರಿಂಗ್ ದಿನ ಕೈಗೆ .22 ರೈಫಲ್ ಕೊಟ್ಟರು. ನಾನು ಎಡಚಿ. ಬರೆಯೋದು, ಎಸೆಯೋದು, ಕೇರಂ ಆಡೋದು ಎಲ್ಲ ಎಡಗೈಲೇ. ಆದ್ರೆ ಆ ರೈಫಲ್‌ನ ಬೋಲ್ಟ್ ಇರೋದು ಬಲಗಡೆ. ಎಡ ಹೆಗಲಿಗೆ ಇಟ್ಕೊಂಡರೆ ಪ್ರತಿ ಗುಂಡಿಗೂ ಕೈಯನ್ನು ಮೇಲಿಂದ ದಾಟಿಸಿ ಬೋಲ್ಟ್ ಎಳೀಬೇಕು. ಅಷ್ಟರಲ್ಲಿ ಗುರಿ ಎಲ್ಲೋ, ಕಣ್ಣು ಎಲ್ಲೋ. ಉಸ್ತಾದ್ ನಗ್ತಾ ಹೇಳಿದರು: "ಬೇಟಿ, ರೈಫಲ್ ಬದಲಾಗಲ್ಲ. ನೀನು ಬದಲಾಗು." ಬಲ ಹೆಗಲಿಗೆ ಇಟ್ಕೊಂಡು ಹೊಡೆದೆ. ಐದರಲ್ಲಿ ಎರಡು ಗುಂಡು ಕಾಗದಕ್ಕೇ ಬೀಳಲಿಲ್ಲ.

ಬಿನ್ನಿಪೇಟೆಗೆ ವಾಪಸ್ ಬಂದು ತಾತನ ಹತ್ರ ಹೇಳ್ಕೊಂಡೆ. ತಾತ ಮಿಲ್ಲಲ್ಲಿ ದುಡಿದೋರು, ಅವರೂ ಎಡಚರು. "ಮೆಷಿನ್ ಯಾವತ್ತು ನಮ್ಮ ಕೈ ನೋಡಿ ಬಂದಿದೆ? ನಾವೇ ಹೊಂದ್ಕೊಂಡ್ವಿ ಕಣೇ" ಅಂದ್ರು.

ಆ ಮಾತು ತಲೇಲಿ ಕೂತುಬಿಡ್ತು. ಸ್ಪರ್ಧೆಗೆ ಅಂತಲೇ ಕೋವಿ ಹಿಡಿಯೋರು ಏನು ಮಾಡ್ತಾರೆ? ಕೋವಿ ಹೇಗೆ ಆರಿಸ್ತಾರೆ, ಅದನ್ನ ಎಷ್ಟರ ಮಟ್ಟಿಗೆ ತಮ್ಮ ಕೈಗೆ ತಕ್ಕ ಹಾಗೆ ಮಾಡ್ಕೋತಾರೆ, ಎಲ್ಲಿಗೆ ಬಂದಾಗ ನಿಯಮ "ಸಾಕು ನಿಲ್ಲು" ಅನ್ನುತ್ತೆ? ಹುಡುಕ್ತಾ ಹೋದರೆ ಮೊದಲ ಉತ್ತರ ಕೊಡಗಲ್ಲಿ ಸಿಕ್ತು. ಮುಂದಿನ ಪೋಸ್ಟ್‌ಗೆ ಬನ್ನಿ.

ಭಾಗ 2/7: ಕಬ್ಬನ್ ಸಾಹೇಬರು ಬಿಟ್ಟ ಕೋವಿ

ಕಬ್ಬನ್ ಪಾರ್ಕ್ ಎಲ್ರಿಗೂ ಗೊತ್ತು. ಅದೇ ಮಾರ್ಕ್ ಕಬ್ಬನ್‌ಗೂ ಕೊಡಗಿನ ಕೋವಿಗೂ ನಂಟಿದೆ, ಅದು ಎಷ್ಟು ಜನಕ್ಕೆ ಗೊತ್ತು?

1834ರಲ್ಲಿ ಬ್ರಿಟಿಷರು ಕೊಡಗನ್ನು ತಮ್ಮ ಆಳ್ವಿಕೆಗೆ ಸೇರಿಸ್ಕೊಂಡರು. 1857ರ ದಂಗೆ ಆದಮೇಲೆ ಅವರಿಗೆ ಭಯ ಹತ್ಕೊಂಡಿತು. ಜನರ ಕೈಲಿರೋ ಆಯುಧಗಳನ್ನ ವಾಪಸ್ ತಗೊಳ್ಳೋ ಕಾನೂನು ಬಂತು. ಆದ್ರೆ 1861ರಲ್ಲಿ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಕಬ್ಬನ್, ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಕೊಟ್ಟರು. ಇದು ಬರೀ ಸಂಸ್ಕೃತಿ ಮೇಲಿನ ಪ್ರೀತಿ ಅಲ್ಲ. ದಂಗೆ ಕಾಲದಲ್ಲಿ ಕೊಡಗು ಬ್ರಿಟಿಷರ ಪರ ನಿಂತಿತ್ತು, ಅದಕ್ಕೆ ಸಿಕ್ಕ ಬಹುಮಾನ. ಇತಿಹಾಸ ಓದುವಾಗ ಈ ಭಾಗವನ್ನ ನುಂಗಿಕೊಳ್ಳೋದು ಬೇಡ.

ಸ್ವಾತಂತ್ರ್ಯ ಬಂದು 1959ರಲ್ಲಿ ಹೊಸ ಆಯುಧ ಕಾಯ್ದೆ ಆದಮೇಲೂ ವಿನಾಯಿತಿ ಮುಂದುವರೀತು. "ಒಂದು ಸಮುದಾಯಕ್ಕೆ ಮಾತ್ರ ಯಾಕೆ?" ಅಂತ ಹೈಕೋರ್ಟ್‌ನಲ್ಲಿ ಪ್ರಶ್ನೆ ಆಯ್ತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನ ಎತ್ತಿ ಹಿಡೀತು. ಸದ್ಯ ಇದು 2029ರ ತನಕ ಇದೆ.

ಕೊಡವ ಮನೇಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸೋ ಪದ್ಧತಿ ಇದೆ. ಮೊಬೈಲ್ ಇಲ್ಲದ ಕಾಲದಲ್ಲಿ ಕಾಫಿ ತೋಟಗಳಾಚೆ, ಗುಡ್ಡದಾಚೆ ಇರೋ ನೆಂಟರಿಗೆ ಅದೇ ಸುದ್ದಿ. ಅಂದ್ರೆ ಕೋವಿ ಅಲ್ಲಿ ಮೊದಲು ಮನೆ ಸಾಮಾನು, ಆಮೇಲೆ ಆಟದ ಸಾಮಾನು. ಈ ಕ್ರಮ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 3/7: ತೆಂಗಿನಕಾಯಿಗೆ ಎಡ ನಳಿಗೆ

ಕೈಲ್‌ಪೊಳ್ದ್ ಹಬ್ಬ. ಗದ್ದೆ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರ. ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ತೊಳೆದು ಪೂಜೆಗೆ ಇಡ್ತಾರೆ. ನಳಿಗೆ ತುದಿಗೆ ತೋಕ್ ಪೂ ಸಿಗಿಸ್ತಾರೆ. ಕೊಡವ ತಕ್ಕಲ್ಲಿ ತೋಕ್ ಅಂದ್ರೆ ಕೋವಿ, ಪೂ ಅಂದ್ರೆ ಹೂ. ಹಿಂದೆ ಪೂಜೆ ಆದಮೇಲೆ ಬೇಟೆಗೆ ಹೋಗ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಆ ದಾರಿ ಮುಚ್ಚಿತು. ಉಳಿದಿದ್ದು ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿ. ಹಂದಿ ಬದಲು ಕಾಯಿ.

ಕ್ಲಾಸ್‌ಮೇಟ್ ಒಬ್ಬಳು ವಿರಾಜಪೇಟೆ ಕಡೆಯೋಳು. ಹಬ್ಬಕ್ಕೆ ಕರೆದಳು, ಹೋದೆ. ಕಡಂಬಿಟ್ಟು, ಪಂದಿ ಕರಿ ಹೊಡೆದು ಮೈದಾನಕ್ಕೆ ಹೋದ್ವಿ. ಅಲ್ಲಿ .22 ರೈಫಲ್‌ಗೆ ಬೇರೆ ವಿಭಾಗ, 12 ಬೋರ್‌ಗೆ ಬೇರೆ, ಏರ್‌ಗನ್‌ಗೆ ಬೇರೆ. ಕಾರಣ ಸಿಂಪಲ್. .22ರಲ್ಲಿ ಹೋಗೋದು ಒಂದೇ ಪುಟ್ಟ ಗುಂಡು, ಸುಮಾರು ಎರಡೂವರೆ ಗ್ರಾಂ. ತಪ್ಪಿದರೆ ತಪ್ಪಿತು. 12 ಬೋರ್ ತೋಟಾದಲ್ಲಿ ಹೋಗೋದು ಚರೆ, ಒಂದು ಹಿಡಿ ಸಾಸಿವೆ ಎರಚಿದ ಹಾಗೆ. (12 ಬೋರ್ ಅಂದ್ರೇನು ಅಂತ ಕೇಳೋರಿಗೆ: ಒಂದು ಪೌಂಡ್ ಸೀಸದಲ್ಲಿ ಸಮನಾಗಿ 12 ಉಂಡೆ ಮಾಡಿದರೆ, ಆ ಒಂದು ಉಂಡೆ ಹಿಡಿಸೋ ನಳಿಗೆ. ಸುಮಾರು 18.5 ಮಿ.ಮೀ.)

ಗೆಳತಿಯ ದೊಡ್ಡಪ್ಪನ ಹತ್ರ ಹಳೇ ಜೋಡು ನಳಿಗೆ ಕೋವಿ ಇತ್ತು. "ಅಂಕಲ್, ಸ್ಪರ್ಧೆಗೆ ಅಂತ ಇದಕ್ಕೆ ಏನಾದ್ರೂ ಬದಲಾವಣೆ ಮಾಡಿಸಿದೀರಾ?" ಅಂತ ಕೇಳಿದೆ. ನಕ್ಕರು. "ಪೂಜೆಗೆ ಇಡೋ ಕೋವಿ ನೋಡಮ್ಮ, ಕೊಯ್ಯೋದು ಕತ್ತರಿಸೋದು ಇಲ್ಲ. ಆರಿಸೋದು ಮಾತ್ರ. ಕಾಯಿ ದೂರ ಇದ್ದರೆ ಎಡ ನಳಿಗೆ."

ವಿಷಯ ಏನಂದ್ರೆ, ಇಂಥ ಕೋವಿಗಳಲ್ಲಿ ಸಾಮಾನ್ಯವಾಗಿ ಎರಡು ನಳಿಗೆ ಒಂದೇ ಥರ ಇರಲ್ಲ. ಬಾಯಿ ಹತ್ರ ಸ್ವಲ್ಪ ಕಿರಿದಾಗಿಸಿರ್ತಾರೆ, ಅದಕ್ಕೆ ಚೋಕ್ ಅಂತಾರೆ. ಪೂರ್ತಿ ಚೋಕ್ ಇದ್ದರೆ 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ನೂರಕ್ಕೆ ಸುಮಾರು 70 ಚರೆ ಬೀಳುತ್ತೆ. ಚೋಕ್ ಇಲ್ಲದಿದ್ದರೆ ಸುಮಾರು 40. ಬಲ ನಳಿಗೆ ಸಡಿಲ, ಎಡ ನಳಿಗೆ ಬಿಗಿ. ಮುಂದಿನ ಟ್ರಿಗರ್ ಬಲಕ್ಕೆ, ಹಿಂದಿನದು ಎಡಕ್ಕೆ. ಒಂದೇ ಕೋವಿ, ಆಯ್ಕೆ ಬೆರಳಲ್ಲಿ.

ಎಡಕ್ಕೂ ಒಂದು ಬೆಲೆ ಇದೆ ಅಂತ ಅವತ್ತು ಖುಷಿಯಾಯ್ತು.

ಭಾಗ 4/7: ಕ್ಯಾಲಿಫೋರ್ನಿಯಾದ ಎರಡು ಕೈ

ಕೊಡಗಲ್ಲಿ ಬೇಟೆ ಆಟ ಆಯ್ತು. ಅಮೆರಿಕದಲ್ಲಿ ಪಿಸ್ತೂಲಿನ ಕಾದಾಟ ಆಟ ಆಯ್ತು. ಅದಕ್ಕೆ ಪ್ರಾಕ್ಟಿಕಲ್ ಶೂಟಿಂಗ್ ಅಂತ ಹೆಸರು. ಸುಮ್ಮನೆ ನಿಂತು ಕಾಗದಕ್ಕೆ ಹೊಡೆಯೋದಲ್ಲ. ಓಡಬೇಕು, ಗೋಡೆ ಮರೆಯಿಂದ ಇಣುಕಬೇಕು, ಮದ್ದಿನ ಮ್ಯಾಗಜೀನ್ ಬದಲಾಯಿಸಬೇಕು, ಗಡಿಯಾರ ಓಡ್ತಾನೇ ಇರುತ್ತೆ.

1950ರ ದಶಕದ ಕೊನೆ. ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಅನ್ನೋ ಗುಡ್ಡದ ಊರಲ್ಲಿ ಜೆಫ್ ಕೂಪರ್ ಅನ್ನೋ ಮಾಜಿ ಸೇನಾಧಿಕಾರಿ ಸ್ಪರ್ಧೆ ನಡೆಸ್ತಿದ್ದರು. ಆಗ ಎಲ್ರೂ ಕೌಬಾಯ್ ಸಿನಿಮಾ ಥರ ಸೊಂಟದ ಹತ್ತಿರದಿಂದ ಒಂದೇ ಕೈಲಿ ಹೊಡೀತಿದ್ದರು. ಜ್ಯಾಕ್ ವೀವರ್ ಅನ್ನೋ ಪೊಲೀಸ್ ಮಾತ್ರ ರಿವಾಲ್ವರನ್ನ ಎರಡೂ ಕೈಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ತಂದು ಹೊಡೆದರು. ಅರೆಕ್ಷಣ ತಡ, ಆದ್ರೆ ಗುಂಡು ಗುರಿಗೇ ಬೀಳೋದು. 1959ರಲ್ಲಿ ಗೆದ್ದರು. ಆಮೇಲೆ ಎಲ್ರೂ ಅದನ್ನೇ ಕಲಿತರು. ಇವತ್ತು ಸಿನಿಮಾದಲ್ಲಿ ಪೊಲೀಸರು ಪಿಸ್ತೂಲ್ ಎರಡು ಕೈಲಿ ಹಿಡಿಯೋದು ನೋಡ್ತೀರಲ್ಲ, ಅದರ ಬೇರು ಅಲ್ಲಿದೆ.

ಗಮನಿಸಿ: ಈ ಆಟದ ಮೊದಲ ದೊಡ್ಡ ಬದಲಾವಣೆ ಆಗಿದ್ದು ಪಿಸ್ತೂಲಲ್ಲಿ ಅಲ್ಲ, ಕೈಯಲ್ಲಿ. ನಮ್ಮ ಉಸ್ತಾದ್ ಗೆದ್ದರು.

1976ರಲ್ಲಿ ಅಮೆರಿಕದ ಮಿಸೌರಿಯ ಕೊಲಂಬಿಯಾ ಊರಲ್ಲಿ ಅಂತರರಾಷ್ಟ್ರೀಯ ಸಂಘ ಹುಟ್ಟಿತು, ಹೆಸರು ಐಪಿಎಸ್‌ಸಿ. ಕೂಪರ್ ಮೊದಲ ಅಧ್ಯಕ್ಷ. ಘೋಷವಾಕ್ಯ ಲ್ಯಾಟಿನ್‌ನ ಮೂರು ಪದ. ಅರ್ಥ: ನಿಖರತೆ, ಶಕ್ತಿ, ವೇಗ.

ಭಾಗ 5/7: ಡಬ್ಬಿ ಬಂತು

ಬಿಕಾಂ ಮಕ್ಕಳೇ, ಇದು ನಮ್ಮ ಏರಿಯಾ. ಈ ಆಟದಲ್ಲಿ ಅಂಕವನ್ನ ಸೆಕೆಂಡ್‌ನಿಂದ ಭಾಗಿಸ್ತಾರೆ. ನೀವು 20 ಸೆಕೆಂಡಲ್ಲಿ 100 ಅಂಕ ತಗೊಂಡ್ರಿ, ಬಂದಿದ್ದು 5. ನಾನು 15 ಸೆಕೆಂಡಲ್ಲಿ 90 ತಗೊಂಡೆ, ಬಂದಿದ್ದು 6. ನಾನೇ ಮುಂದೆ. ಲಾಭ ಎಷ್ಟು ಅನ್ನೋದಲ್ಲ, ಎಷ್ಟು ಹೊತ್ತಲ್ಲಿ ಲಾಭ ಅನ್ನೋದು.

ಜೊತೆಗೆ ಶಕ್ತಿಯ ಲೆಕ್ಕ. ಗುಂಡಿನ ತೂಕ (ಗ್ರೇನ್‌ನಲ್ಲಿ) ಗುಣಿಸು ವೇಗ (ಸೆಕೆಂಡಿಗೆ ಎಷ್ಟು ಅಡಿ), ಭಾಗಿಸು 1000. 124 ಗ್ರೇನ್ ಗುಂಡು 1050 ಅಡಿ ವೇಗದಲ್ಲಿ ಹೋದರೆ 130.2. ಕನಿಷ್ಠ 125 ಇರಲೇಬೇಕು. ಇನ್ನೂ ಶಕ್ತಿಶಾಲಿ ಗುಂಡಾದರೆ, ಮಧ್ಯ ಬಿಟ್ಟು ಅಂಚಿಗೆ ಬಿದ್ದ ಹೊಡೆತಕ್ಕೆ ಒಂದು ಅಂಕ ಜಾಸ್ತಿ. ಆದ್ರೆ ಶಕ್ತಿ ಹೆಚ್ಚಾದರೆ ಪಿಸ್ತೂಲ್ ಕೈಲಿ ಕುಣಿಯುತ್ತೆ, ಮುಂದಿನ ಗುಂಡು ತಡ. ಆಯ್ಕೆ ಅಂದ್ರೆ ಈ ತಕ್ಕಡಿ.

ನಿಯಮ ಎಲ್ಲಿ ಅಂಕ ಇಡುತ್ತೋ ಪಿಸ್ತೂಲ್ ಆ ಕಡೆಗೇ ಬೆಳೆಯುತ್ತೆ. 1980ರ ದಶಕದಲ್ಲಿ ನಳಿಗೆ ತುದಿಗೆ ಕಾಂಪನ್ಸೇಟರ್ ಬಂತು. ಗುಂಡಿನ ಹಿಂದೆ ಬರೋ ಬಿಸಿ ಗಾಳಿಯನ್ನ ಮೇಲಕ್ಕೆ ಬಿಟ್ಟು, ಎಗರೋ ಮೂತಿಯನ್ನ ಕೆಳಕ್ಕೆ ಒತ್ತೋ ಭಾಗ ಅದು. 1990ರ ವಿಶ್ವ ಸ್ಪರ್ಧೆಯನ್ನ ಡಗ್ ಕೋನಿಗ್ ಗೆದ್ದಾಗ ಅವರ ಪಿಸ್ತೂಲ್ ಮೇಲೆ ಕೆಂಪು ಚುಕ್ಕೆಯ ಗಾಜಿನ ಸೈಟ್ ಇತ್ತು. ಪಿಸ್ತೂಲ್ ರೇಸ್ ಕಾರ್ ಥರ ಆಯ್ತು. ಸೊಂಟಕ್ಕೆ ಸಿಗಿಸ್ಕೊಂಡು ಡ್ಯೂಟಿಗೆ ಹೋಗೋ ಪೊಲೀಸ್ ಅದನ್ನ ಮುಟ್ಟೋ ಹಾಗೂ ಇರಲಿಲ್ಲ. "ಪ್ರಾಕ್ಟಿಕಲ್" ಅನ್ನೋ ಹೆಸರಿಗೆ ಅರ್ಥ ಏನು ಉಳೀತು?

ಸಂಘ ಕಂಡ್ಕೊಂಡ ದಾರಿ: ವಿಭಾಗಗಳು. ಏನು ಬೇಕಾದ್ರೂ ಮಾಡ್ಕೊಳ್ಳೋರಿಗೆ ಓಪನ್. ಕಾಂಪನ್ಸೇಟರ್, ಕೆಂಪು ಚುಕ್ಕೆ ಇಲ್ಲದೋರಿಗೆ ಸ್ಟ್ಯಾಂಡರ್ಡ್. ಅಂಗಡೀಲಿ ಸಿಗೋ ಪಿಸ್ತೂಲನ್ನ ಹೆಚ್ಚು ಮುಟ್ಟದೆ ಬಳಸೋರಿಗೆ ಪ್ರೊಡಕ್ಷನ್. ಸ್ಟ್ಯಾಂಡರ್ಡ್‌ಗೆ ಒಂದು ಡಬ್ಬಿ ಇದೆ: 225 × 150 × 45 ಮಿ.ಮೀ. ಪಿಸ್ತೂಲ್ ಅದರೊಳಗೆ ಕೂತರೆ ಆಟ, ಕೂರದಿದ್ದರೆ ಮನೆ.

ಭಾಗ 6/7: ತಲೆಕೆಳಗಾದ ಪಿಸ್ತೂಲು, ಎಡಗೈ ಚಿನ್ನ

ಡಬ್ಬಿ ಒಲಿಂಪಿಕ್ಸ್ ಕಡೆಯ ಶೂಟಿಂಗ್‌ನಲ್ಲೂ ಇದೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಸೋವಿಯತ್ ತಂಡ ವಿಚಿತ್ರ ಪಿಸ್ತೂಲ್ ತಂದಿತ್ತು. ಇಡೀ ಯಂತ್ರವನ್ನ ತಲೆಕೆಳಗೆ ಮಾಡಿ, ನಳಿಗೆಯನ್ನ ಹಿಡಿಯೋ ಕೈಯ ನೇರಕ್ಕೆ ಇಳಿಸಿದ್ದರು. ಒದೆತ ನೇರ ಕೈಗೆ ಬರೋದರಿಂದ ಮೂತಿ ಮೇಲೇಳೋದೇ ಇಲ್ಲ. ಬುದ್ಧಿವಂತಿಕೆ ಹೌದು. ಆಮೇಲೆ ಅದನ್ನ ನಿಷೇಧಿಸಿದರು. ಇವತ್ತು 10 ಮೀಟರ್ ಏರ್ ಪಿಸ್ತೂಲ್ 420 × 200 × 50 ಮಿ.ಮೀ. ಡಬ್ಬಿಯಲ್ಲಿ ಹಿಡಿಸಬೇಕು, 1500 ಗ್ರಾಂ ಮೀರಬಾರದು, ಟ್ರಿಗರ್ ಕನಿಷ್ಠ 500 ಗ್ರಾಂ ತಡ್ಕೋಬೇಕು.

ಇದಕ್ಕೆ ಪೂರ್ತಿ ಉಲ್ಟಾ 50 ಮೀಟರ್ ಫ್ರೀ ಪಿಸ್ತೂಲು. ಟ್ರಿಗರ್ ಎಷ್ಟು ಹಗುರ ಬೇಕಾದ್ರೂ ಇರಬಹುದು. ಮರದ ಹಿಡಿಯನ್ನ ಆ ಒಬ್ಬ ಆಟಗಾರನ ಅಂಗೈಗೇ ಕೆತ್ತಿರ್ತಾರೆ, ಕೈಗವಸು ಥರ ಸುತ್ಕೊಳ್ಳುತ್ತೆ. ಮಣಿಕಟ್ಟಿಗೆ ಆಸರೆ ಆಗಬಾರದು ಅಷ್ಟೇ. ಎಡಚರಿಗೆ ಎಡಗೈ ಹಿಡಿ! ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಿದ್ದು 10 ಮೀಟರ್ ಏರ್ ಪಿಸ್ತೂಲ್ ವಿಭಾಗದಲ್ಲಿ. 2016ರ ರಿಯೋ ಒಲಿಂಪಿಕ್ಸ್‌ನಲ್ಲೂ ಆಡಿದರು. ಆದ್ರೆ ರಿಯೋ ನಂತರ ಫ್ರೀ ಪಿಸ್ತೂಲ್ ವಿಭಾಗವನ್ನೇ ಒಲಿಂಪಿಕ್ಸ್‌ನಿಂದ ತೆಗೆದುಹಾಕಿದರು. ಮನುಷ್ಯನ ಕೈಗೆ ಇಷ್ಟು ಹೊಂದ್ಕೊಂಡ ಪಿಸ್ತೂಲು, ಅಷ್ಟು ದೊಡ್ಡ ವೇದಿಕೆಯಲ್ಲಿ ಅದಕ್ಕೆ ಈಗ ಆಟವೇ ಇಲ್ಲ.

ಇನ್ನೊಬ್ಬರ ಕಥೆ ಹೇಳಲೇಬೇಕು. ಹಂಗೇರಿಯ ಕಾರೋಲಿ ಟಕಾಚ್. ಸೈನಿಕ, ಬಲಗೈ ಶೂಟರ್. 1938ರಲ್ಲಿ ತರಬೇತಿ ವೇಳೆ ಗ್ರೆನೇಡ್ ಸಿಡಿದು ಬಲಗೈ ಹಾಳಾಯ್ತು. ಯಾರಿಗೂ ಹೇಳದೆ ಎಡಗೈಲಿ ಅಭ್ಯಾಸ ಮಾಡಿದರು. 1948ರ ಲಂಡನ್‌ನಲ್ಲಿ ಚಿನ್ನ. 1952ರ ಹೆಲ್ಸಿಂಕಿಯಲ್ಲಿ ಮತ್ತೆ ಚಿನ್ನ. ಎಡಗೈಲಿ.

ಇದನ್ನ ತಾತಂಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನೂ ಹೊಂದ್ಕೊಂಡ ನೋಡು" ಅಂದ್ರು. ತಾತ ಬಿಡಲ್ಲ.

ಭಾಗ 7/7: ನಮ್ಮ ಕೈಗೆ ಎಷ್ಟು ಸಿಗುತ್ತೆ?

ಇದನ್ನೆಲ್ಲ ಓದಿ "ನಾನೂ ಪಿಸ್ತೂಲ್ ಮಾಡಿಫೈ ಮಾಡ್ತೀನಿ" ಅಂತ ಡಿಎಂ ಹಾಕೋರಿಗೆ: ಬೇಡ ಗುರು. 1959ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ನಳಿಗೆ ಮೊಟಕು ಮಾಡೋದು, ಆಟಿಕೆ ಕೋವಿಯನ್ನ ನಿಜದ ಕೋವಿ ಮಾಡೋದು ಅಪರಾಧ. ರಿಪೇರಿ ಮಾಡೋ ಅಂಗಡಿಗೂ ಲೈಸೆನ್ಸ್ ಬೇಕು. ಹೊರದೇಶದ ಪ್ರಾಕ್ಟಿಕಲ್ ಶೂಟಿಂಗ್‌ನಲ್ಲಿ ಎಲ್ರೂ ಹಿಡಿಯೋ 9 ಎಂಎಂ ಇಲ್ಲಿ ಸಾರ್ವಜನಿಕರಿಗೆ ನಿಷೇಧಿತ ಬೋರ್. 2019ರ ತಿದ್ದುಪಡಿ ಆದಮೇಲೆ ಸಾಮಾನ್ಯ ಲೈಸೆನ್ಸ್‌ದಾರರಿಗೆ ಕೋವಿಗಳ ಮಿತಿ ಮೂರರಿಂದ ಎರಡಕ್ಕೆ ಇಳೀತು. ಹಾಗಾಗಿ ಆ ರೇಸ್ ಪಿಸ್ತೂಲುಗಳು ನಮಗೆ ವಿಡಿಯೋದಲ್ಲೇ.

ನಮ್ಮಂಥೋರಿಗೆ ತೆರೆದಿರೋ ಬಾಗಿಲು 4.5 ಮಿ.ಮೀ. ಏರ್‌ಗನ್. ಅದೂ ರೇಂಜ್‌ನಲ್ಲಿ, ಕೋಚ್ ಎದುರು.

ಈಗ ನನ್ನ ಉತ್ತರ. ಸ್ಪರ್ಧೆಗೆ ಒಳ್ಳೇ ಕೋವಿ ಯಾವುದು ಅನ್ನೋ ಪ್ರಶ್ನೆನೇ ಅರ್ಧ. ಆಟ ಏನನ್ನ ಅಳೆಯುತ್ತೆ ಅಂತ ಮೊದಲು ಕೇಳಬೇಕು. ವೇಗಕ್ಕೆ ಅಂಕ ಕೊಟ್ಟರೆ ರೇಸ್ ಕಾರ್ ಹುಟ್ಟುತ್ತೆ, ನಿಶ್ಚಲತೆಗೆ ಕೊಟ್ಟರೆ ಕೈಗವಸು ಹುಟ್ಟುತ್ತೆ, ಎರಡನ್ನೂ ಹಿಡಿದಿಡೋಕೆ ಡಬ್ಬಿ ಬರುತ್ತೆ. ಕೊಡಗಿನ ಕಾಯಿ ಆಟಕ್ಕೆ ಡಬ್ಬಿ ಬೇಕಾಗಿಲ್ಲ. ದೇವರ ಮುಂದೆ ಇಟ್ಟ ಕೋವಿಯನ್ನೇ ಮೈದಾನಕ್ಕೆ ತರಬೇಕು ಅನ್ನೋದೇ ಅಲ್ಲಿನ ಮಿತಿ. ಮೂರು ಆಟಗಳಲ್ಲಿ "ಪ್ರಾಕ್ಟಿಕಲ್" ಅನ್ನೋ ಮಾತಿಗೆ ಹೆಚ್ಚು ಹತ್ತಿರ ಇರೋದು ಆ ಹೆಸರೇ ಇಲ್ಲದ ಇದು ಅಂತ ನಂಗೆ ಅನಿಸುತ್ತೆ.

ಅವತ್ತು ಮೈದಾನದಲ್ಲಿ ಏರ್‌ಗನ್ ವಿಭಾಗಕ್ಕೆ ನಾನೂ ಹೆಸರು ಕೊಟ್ಟೆ. ಅದು ನಳಿಗೆ ಮಡಚಿ ಗಾಳಿ ತುಂಬೋ ಕೋವಿ, ಬೋಲ್ಟೇ ಇಲ್ಲ. ಎಡ, ಬಲ ಎರಡೂ ಅದಕ್ಕೆ ಒಂದೇ. ಮೊದಲ ಸಲ ಎಡ ಹೆಗಲಿಗೆ ಇಟ್ಕೊಂಡೆ. ದೂರದಲ್ಲಿ ಮೊಟ್ಟೆ. ನಾಲ್ಕು ತಪ್ಪಿತು. ಐದನೇದಕ್ಕೆ ಮೊಟ್ಟೆ ಒಡೀತು. ಬಹುಮಾನ ಏನೂ ಬರಲಿಲ್ಲ, ಆದ್ರೆ ಗೆಳತಿಯ ದೊಡ್ಡಪ್ಪ ದೂರದಿಂದಲೇ ಎಡಗೈ ಎತ್ತಿ ತೋರಿಸಿದರು.

ತಾತನ ಮಾತು ಸುಳ್ಳಲ್ಲ, ಬಹಳ ಸಲ ನಾವೇ ಹೊಂದ್ಕೋಬೇಕು. ಆದ್ರೆ ಒಂದೊಂದ್ಸಲ ಸರಿಯಾದ ಕೋವಿ ಆರಿಸಿದರೂ ಸಾಕು.

ನಿಮ್ಮಲ್ಲಿ ಎಡಚರು ಎಷ್ಟು ಜನ? ಕತ್ತರಿ, ಕಾಲೇಜ್ ಡೆಸ್ಕ್, ರೈಫಲ್... ನಿಮಗೆ ಹೊಂದದ ವಸ್ತು ಯಾವುದು? ಕಾಮೆಂಟಲ್ಲಿ ಬರೀರಿ. ಕೊಡಗಿನೋರು ಯಾರಾದ್ರೂ ಇದ್ದರೆ, ನಿಮ್ಮೂರ ಕಾಯಿ ಸ್ಪರ್ಧೆ ಬಗ್ಗೆ ಹೇಳಿ. ತಪ್ಪಿದ್ದರೆ ತಿದ್ದಿ. ಮುಂದಿನ ಸರಣಿಯಲ್ಲಿ ಸಿಗೋಣ.

#ಇತಿಹಾಸ #ಕೊಡಗು #ಕೈಲ್‌ಪೊಳ್ದ್ #ಎಡಚರು #ಬಿನ್ನಿಪೇಟೆ