ಕೋಳಿಯ ಚೀಲ ಮತ್ತು ಉಲ್ಲೇಖಗಳ ಲೆಕ್ಕ



ವಿಜ್ಞಾನದ ಚರಿತ್ರೆಯ ಬಗ್ಗೆ ಮಾತನಾಡಲು ನೀವು ಒಬ್ಬ ಲೆಕ್ಕಪರಿಶೋಧಕನನ್ನು ಕರೆದಿದ್ದೀರಿ. ರೋಗನಿರೋಧಕ ಶಾಸ್ತ್ರ ನನ್ನ ವಿಷಯವಲ್ಲ. ಖಾತೆ ಪುಸ್ತಕ ಓದುವುದು ನನ್ನ ಕಸುಬು. ಹಾಗಾಗಿ ಒಬ್ಬ ವಿಜ್ಞಾನಿಯ ಒಂದೇ ಒಂದು ಲೇಖನದ ಖಾತೆಯನ್ನು ತೆರೆದು ನೋಡೋಣ. ಈ ಸಭೆಯಲ್ಲಿರುವ ಸಂಶೋಧಕರಲ್ಲಿ ಹಲವರು ಗ್ರೀನ್ ಕಾರ್ಡ್ ಅರ್ಜಿಯ ಜೊತೆ ತಮ್ಮ ಲೇಖನಗಳ ಪಟ್ಟಿಯನ್ನೂ ಅವುಗಳಿಗೆ ಬಂದ ಉಲ್ಲೇಖಗಳ ಸಂಖ್ಯೆಯನ್ನೂ ಲಗತ್ತಿಸಿದವರು. ಅಮೆರಿಕದಲ್ಲಿ ಉಳಿಯುವುದೋ ಊರಿಗೆ ಮರಳುವುದೋ ಎಂಬುದು ಎಷ್ಟೋ ಮನೆಗಳಲ್ಲಿ ಆ ಸಂಖ್ಯೆಯ ಮೇಲೂ ನಿಂತಿರುತ್ತದೆ.

ಲೇಖಕರು ಬ್ರೂಸ್ ಗ್ಲಿಕ್. 1950ರ ದಶಕದ ಆರಂಭದಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೋಳಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿ. ಹಕ್ಕಿಗಳ ಮಲದ್ವಾರದ ಬಳಿ ಒಂದು ಪುಟ್ಟ ಚೀಲವಿದೆ. ಪಾದುವಾ ನಗರದ ಫ್ಯಾಬ್ರಿಸಿಯಸ್ ಅದನ್ನು ವರ್ಣಿಸಿದ್ದ ಪುಸ್ತಕ, ಅವರು ತೀರಿಕೊಂಡ ಮೇಲೆ, 1621ರಲ್ಲಿ ಅಚ್ಚಾಯಿತು. ಅಲ್ಲಿಂದ ಅದು ‘ಫ್ಯಾಬ್ರಿಸಿಯಸ್‌ನ ಬರ್ಸಾ’. ಬರ್ಸಾ ಎಂದರೆ ಲ್ಯಾಟಿನ್ನಿನಲ್ಲಿ ಚೀಲ. ನಮ್ಮ ಜೇಬಿನ ‘ಪರ್ಸ್’ ಬಂದದ್ದೂ ಅಲ್ಲಿಂದಲೇ. (ಲೆಕ್ಕದವನಿಗೆ ಇಷ್ಟಾದರೂ ಸಂಬಂಧ ಬೇಕಲ್ಲ!) ಹೆಸರಿತ್ತು, ಕೆಲಸ ಏನೆಂದು ಗೊತ್ತಿರಲಿಲ್ಲ. ಗ್ಲಿಕ್ ತಮ್ಮ ಪ್ರಾಧ್ಯಾಪಕರನ್ನು ಕೇಳಿದಾಗ, ಒಳ್ಳೆಯ ಪ್ರಶ್ನೆ, ನೀನೇ ಕಂಡುಹಿಡಿ ಎಂಬಂಥ ಉತ್ತರ ಸಿಕ್ಕಿತು.

ಗ್ಲಿಕ್ ಮರಿಗಳ ಬರ್ಸಾ ತೆಗೆದು ನೋಡುತ್ತಿದ್ದರು. ಸಹಪಾಠಿ ಟಿಮೊಥಿ ಚಾಂಗ್‌ಗೆ ತರಗತಿಯಲ್ಲಿ ಪ್ರತಿಕಾಯಗಳು ಹುಟ್ಟುವುದನ್ನು ತೋರಿಸಲು ಕೋಳಿಗಳು ಬೇಕಿದ್ದವು. ಗ್ಲಿಕ್ ಬಳಿ ಉಳಿದಿದ್ದವನ್ನು ಎರವಲು ಪಡೆದರು. ಸಾಲ್ಮೊನೆಲ್ಲಾ ಚುಚ್ಚಿದರೂ ಕೆಲವು ಕೋಳಿಗಳ ರಕ್ತದಲ್ಲಿ ಪ್ರತಿಕಾಯವೇ ಹುಟ್ಟಲಿಲ್ಲ. ಪಾಠ ಕೆಟ್ಟಿತು. ಆ ಕೋಳಿಗಳು ಯಾವುವೆಂದು ನೋಡಿದರೆ, ಬರ್ಸಾ ತೆಗೆದವು!

ಮತ್ತೆ ಪ್ರಯೋಗ ಮಾಡಿ ಖಚಿತಪಡಿಸಿಕೊಂಡು, ಜಾರ್ಜ್ ಜಾಪ್ ಜೊತೆ ಸೇರಿ ‘ಸೈನ್ಸ್’ ಪತ್ರಿಕೆಗೆ ಬರೆದು ಕಳಿಸಿದರು. ಅದು ತಿರಸ್ಕೃತವಾಯಿತು. 1956ರಲ್ಲಿ ‘ಪೌಲ್ಟ್ರಿ ಸೈನ್ಸ್’ನಲ್ಲಿ ಪುಟ್ಟ ಲೇಖನವಾಗಿ ಬಂತು. ಮನುಷ್ಯರ ರೋಗಗಳನ್ನು ಅಭ್ಯಾಸ ಮಾಡುವವರು ಕೋಳಿ ಪತ್ರಿಕೆಯನ್ನು ಏಕೆ ತೆರೆದಾರು?

ಲೆಕ್ಕಶಾಸ್ತ್ರದಲ್ಲಿ ಸಂಶೋಧನೆಗೆ ಹಾಕಿದ ಹಣವನ್ನು ಆ ವರ್ಷವೇ ಖರ್ಚೆಂದು ಬರೆಯುತ್ತೇವೆ. ಅದು ಆಸ್ತಿಯಾಗಿ ಬ್ಯಾಲೆನ್ಸ್ ಶೀಟಿಗೆ ಹತ್ತುವುದಿಲ್ಲ. ಫಲ ಬರುವುದು ಖಾತ್ರಿಯಿಲ್ಲ ಎಂಬ ಎಚ್ಚರಿಕೆ ಅದು, ಬೆಲೆಯಿಲ್ಲ ಎಂಬ ತೀರ್ಮಾನವಲ್ಲ. ಪತ್ರಿಕೆಗಳನ್ನು ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ವಿಷಯದಲ್ಲಿ ಈ ವ್ಯತ್ಯಾಸ ಮರೆತುಹೋಗುತ್ತದೆ. ಅದು ಎಣಿಸುವುದು ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಬಂದ ಉಲ್ಲೇಖಗಳನ್ನು ಮಾತ್ರ. ಗ್ಲಿಕ್ ಕಾಲದಲ್ಲಿ ಈ ಅಳತೆ ಇರಲಿಲ್ಲ; ಇದ್ದಿದ್ದರೆ 1958ಕ್ಕೇ ಅವರ ಖಾತೆ ಮುಚ್ಚುತ್ತಿತ್ತು.

ನಿಜವಾದ ಜಮೆ ಬಂದದ್ದು 1965ರಲ್ಲಿ. ಮಿನ್ನೆಸೋಟದಲ್ಲಿ ಮ್ಯಾಕ್ಸ್ ಕೂಪರ್, ರೇಮಂಡ್ ಪೀಟರ್‌ಸನ್, ರಾಬರ್ಟ್ ಗುಡ್ ಅವರು ಮರಿಗಳ ಬರ್ಸಾ ಅಥವಾ ಥೈಮಸ್ ಗ್ರಂಥಿ ತೆಗೆದು, ವಿಕಿರಣ ಹಾಯಿಸಿ, ರೋಗನಿರೋಧಕ ವ್ಯವಸ್ಥೆಗೆ ಎರಡು ಬೇರೆ ಕವಲುಗಳಿವೆ ಎಂದು ‘ನೇಚರ್’ನಲ್ಲಿ ತೋರಿಸಿದರು. ಥೈಮಸ್‌ನವು ಟಿ ಜೀವಕೋಶಗಳಾದವು, ಬರ್ಸಾದವು ಬಿ ಜೀವಕೋಶಗಳಾದವು. ಮನುಷ್ಯರಿಗೆ ಬರ್ಸಾ ಇಲ್ಲ. ನಮ್ಮ ಬಿ ಕೋಶಗಳು ಹುಟ್ಟುವುದು ಅಸ್ಥಿಮಜ್ಜೆಯಲ್ಲಿ. ಆದರೂ ಅಕ್ಷರ ಕೋಳಿಯದೇ ಉಳಿಯಿತು. 1997ರಲ್ಲಿ ಅಮೆರಿಕದಲ್ಲಿ ಮಂಜೂರಾದ ರಿಟುಕ್ಸಿಮ್ಯಾಬ್ ಔಷಧ ಗುರಿಯಿಡುವುದು ಈ ಬಿ ಕೋಶಗಳ ಮೇಲೆಯೇ. ನಮ್ಮ ಕಡೆ ಕೋಳಿ ಸಾಕುವವರನ್ನು ಗುಂಬೊರೊ ರೋಗದ ಬಗ್ಗೆ ಕೇಳಿ ನೋಡಿ. ಆ ವೈರಸ್ ಹಾಳುಮಾಡುವುದು ಬರ್ಸಾವನ್ನೇ. ಆಮೇಲೆ ಬೇರೆ ಲಸಿಕೆಗಳೂ ಸರಿಯಾಗಿ ಹಿಡಿಯುವುದಿಲ್ಲ.

ಇಷ್ಟೆಲ್ಲ ಆದರೂ ಬಿ ಕೋಶ ಎಂದು ಬರೆಯುವ ಪ್ರತಿಯೊಬ್ಬರೂ ಗ್ಲಿಕ್ ಹೆಸರು ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಎಲ್ಲರ ಸ್ವತ್ತಾದ ತಿಳಿವಿಗೆ ಉಲ್ಲೇಖ ನಿಲ್ಲುತ್ತದೆ. 2019ರ ಲಾಸ್ಕರ್ ಪ್ರಶಸ್ತಿ ಕೂಪರ್ ಮತ್ತು ಥೈಮಸ್‌ನ ಕೆಲಸ ಕಂಡುಹಿಡಿದ ಜಾಕ್ ಮಿಲ್ಲರ್ ಅವರಿಗೆ ಹೋಯಿತು. ಅವರು ಅದಕ್ಕೆ ಅರ್ಹರೇ, ಅದರಲ್ಲಿ ನನ್ನ ತಕರಾರಿಲ್ಲ.

ಉಲ್ಲೇಖಗಳನ್ನು ಎಣಿಸುವುದೇ ತಪ್ಪು ಎನ್ನುತ್ತಿಲ್ಲ. ಎಣಿಸುವುದೇ ನನ್ನ ಅನ್ನ. ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದ ಸೈನ್ಸ್ ಸೈಟೇಶನ್ ಇಂಡೆಕ್ಸ್‌ಗೆ ವಕೀಲರ ಸೂಚಿಯೊಂದು ಮಾದರಿಯಾಗಿತ್ತು: ಹಳೆಯ ತೀರ್ಪನ್ನು ಯಾವ ಹೊಸ ತೀರ್ಪು ಬಳಸಿದೆ ಎಂದು ಹುಡುಕಲು. ಅಂದರೆ ಅದು ಜಾಡು ಹಿಡಿಯುವ ಸಾಧನ. ನಮ್ಮ ಬ್ಯಾಲೆನ್ಸ್ ಶೀಟಿನ ಕೆಳಗೂ ಟಿಪ್ಪಣಿಗಳಿರುತ್ತವೆ. ಪಳಗಿದವರು ಮೊದಲು ಓದುವುದು ಅವನ್ನೇ. ಅರ್ಜಿ ಹಾಕುವ ಗೆಳೆಯರೇ, ಸಂಖ್ಯೆಯ ಕೆಳಗೆ ಅಂಥ ಟಿಪ್ಪಣಿಯನ್ನೂ ಬರೆಯಿರಿ: ನಿಮ್ಮ ಕೆಲಸವನ್ನು ಯಾರು ಎತ್ತಿಕೊಂಡರು, ಯಾವ ಪ್ರಯೋಗಾಲಯದಲ್ಲಿ, ಯಾವುದಕ್ಕಾಗಿ. 1958ರಲ್ಲಿ ಗ್ಲಿಕ್ ಇಂಥ ಅರ್ಜಿ ಹಾಕಬೇಕಾಗಿ ಬಂದಿದ್ದರೆ ತೋರಿಸಲು ಅವರ ಬಳಿ ಇದ್ದದ್ದು ಒಂದು ಕೋಳಿ ಪತ್ರಿಕೆ, ಮತ್ತು ಪ್ರತಿಕಾಯವಿಲ್ಲದ ಕೆಲವು ಕೋಳಿಗಳು.