ಮುಚ್ಚಿದ ಲಕೋಟೆಯ ಭವಿಷ್ಯ

ಜಾದೂಗಾರರು ರಂಗದ ಮೇಲೆ ತೋರಿಸುವ ಆಟಗಳಲ್ಲಿ ಅತಿ ಕಡಿಮೆ ಸಲಕರಣೆ ಬೇಡುವಂಥದು ಇಸ್ಪೀಟಿನ ಭವಿಷ್ಯದ ಆಟ. ಒಂದು ಕಟ್ಟು ಎಲೆ, ಒಂದು ಲಕೋಟೆ, ಒಂದು ಚೂರು ಕಾಗದ ಇದ್ದರೆ ಸಾಕು. ಜಾದೂಗಾರ ಮೊದಲೇ ಕಾಗದದ ಮೇಲೆ ಏನನ್ನೋ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಸಭೆಯಲ್ಲಿ ಕುಳಿತ ಹಿರಿಯರೊಬ್ಬರ ಕೈಗೆ ಕೊಡುತ್ತಾನೆ. ಅನಂತರ ಇನ್ನೊಬ್ಬರನ್ನು ಕರೆದು, ಮನಸ್ಸಿಗೆ ಬಂದ ಎಲೆಯೊಂದನ್ನು ಎಳೆಯಲು ಹೇಳುತ್ತಾನೆ. ಬಂದದ್ದು ಕಳಾವರ್ ರಾಜ. ಲಕೋಟೆ ಒಡೆದರೆ ಅಲ್ಲಿಯೂ ಕಳಾವರ್ ರಾಜ! ಐವತ್ತೆರಡು ಎಲೆಗಳಲ್ಲಿ ಒಂದನ್ನು ಹೀಗೆ ಮುಂದಾಗಿ ಹೇಳಿದವನಿಗೆ ನಾಳಿನ ಮಳೆಯೂ ಗೊತ್ತಿರಬಹುದಲ್ಲವೆ ಎಂದು ಒಂದು ಕ್ಷಣವಾದರೂ ಸಭೆಗೆ ಅನ್ನಿಸುತ್ತದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಜನರಿಗೆ ಇಂಥ ಮುನ್ನುಡಿ ಹೊಸದೇನೂ ಅಲ್ಲ. ಇಸ್ಪೀಟಿನ ಎಲೆ ಬರುವುದಕ್ಕೆ ಮೊದಲೇ ಇಲ್ಲಿ ಕಾಲಜ್ಞಾನವಿತ್ತು, ಕಾರಣಿಕವಿತ್ತು, ಬೆಳಗಿನ ಜಾವದ ಬುಡಬುಡಿಕೆಯ ದನಿಯಿತ್ತು. ಇವುಗಳ ಜೊತೆಗಿಟ್ಟು ನೋಡಿದಾಗ ಎಲೆಯ ಆಟಕ್ಕೆ ಬೇರೊಂದು ಅರ್ಥ ಒದಗುತ್ತದೆ.

ಎಲೆಯಾಟ ನಮ್ಮ ನಾಡಿಗೆ ಹೊರಗಿನಿಂದ ಬಂದದ್ದು. ಬಾಬರನು 1527ರಲ್ಲಿ ಸಿಂಧದ ಶಾಹ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿಯನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಗುಂಡಗಿನ ಆ ಎಲೆಗಳು ಮುಂದೆ ಮೈಸೂರಿನಲ್ಲಿ ಅರಮನೆಯ ಕಲೆಯಾದವು. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಸಕ್ತಿಯಿಂದ ಬೆಳೆದ ಛದಗಳಲ್ಲಿ ಒಂದಕ್ಕೆ 360 ಎಲೆಗಳಿದ್ದವು. ಇಂದು ರಂಗದ ಮೇಲೆ ಕಾಣುವ ಐವತ್ತೆರಡು ಎಲೆಯ ಕಟ್ಟು ಯೂರೋಪಿನದು. ಅದರ ಕೈಚಳಕವನ್ನು ವಿವರಿಸಿದ ಹಳೆಯ ಪುಸ್ತಕಗಳಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲಿ ಅಚ್ಚು ಹಾಕಿಸಿದ್ದು ಮುಖ್ಯವಾದದ್ದು. ಅವನು ಜಾದೂಗಾರನಲ್ಲ. ಮಾಟಗಾತಿಯರೆಂಬ ಆರೋಪ ಹೊತ್ತು ಬಡ ಮುದುಕಿಯರು ಜೀವ ಕಳೆದುಕೊಳ್ಳುತ್ತಿದ್ದ ಕಾಲವದು. ಅದ್ಭುತವೆಂದು ತೋರುವುದನ್ನು ಬರಿಯ ಕೈಯಿಂದಲೇ ಮಾಡಬಹುದೆಂದು ತೋರಿಸಿದರೆ ಆ ಜೀವಗಳು ಉಳಿದಾವು ಎಂಬುದು ಅವನ ವಾದದ ಒಂದು ಎಳೆ. ಎಲೆಯಾಟದ ಗುಟ್ಟು ಪುಸ್ತಕವಾದದ್ದರ ಹಿಂದೆ ಕರುಣೆಯೂ ಇತ್ತೆಂಬುದನ್ನು ನಾವು ನೆನೆಯಬೇಕು.

ಗುಟ್ಟು ಯಾವುದು? ವಿಧಾನಗಳು ನೂರಾರು ಇದ್ದರೂ ಅವೆಲ್ಲ ಮೂರು ದಾರಿಗಳಲ್ಲಿ ಅಡಗುತ್ತವೆ. ಮೊದಲನೆಯದು, ಆಯ್ಕೆ ಸ್ವತಂತ್ರವಾಗಿರುವುದಿಲ್ಲ. ಎಳೆಯುವವನು ತಾನೇ ಎಳೆದೆನೆಂದು ತಿಳಿದಿರುತ್ತಾನೆ; ಜಾದೂಗಾರ ತನಗೆ ಬೇಕಾದ ಎಲೆಯನ್ನು ತಕ್ಕ ಕ್ಷಣಕ್ಕೆ ಅವನ ಬೆರಳಿನ ಕೆಳಗೆ ಸರಿಸಿರುತ್ತಾನೆ. ಜಾತ್ರೆಯ ಮೂಲೆಯಲ್ಲಿ ಮೂರು ಎಲೆ ಹಾಸಿ ಹಣ ಕಟ್ಟಿಸುವ ಮೋಸಗಾರನೂ ಆಯ್ಕೆ ನಿಮ್ಮದೇ ಎಂಬ ನಂಬಿಕೆಯನ್ನೇ ಮಾರುತ್ತಾನೆ. ಎರಡನೆಯದು, ಬರೆದದ್ದು ಮೊದಲಲ್ಲ. ಸಭೆ ಮೊದಲು ಕಂಡ ಕಾಗದ ಬೇರೆ, ಕೊನೆಗೆ ಓದಿದ ಕಾಗದ ಬೇರೆ. ನಡುವೆ ಎಲ್ಲಿಯೋ ಬರಹ ನಡೆದಿರುತ್ತದೆ. ಮೂರನೆಯದು, ಬರಹ ಒಂದಲ್ಲ. ಲಕೋಟೆಯಲ್ಲಿ ಒಂದು ಉತ್ತರ, ಕುರ್ಚಿಯ ಕೆಳಗೆ ಇನ್ನೊಂದು, ಜೇಬಿನಲ್ಲಿ ಮತ್ತೊಂದು. ಬಂದ ಎಲೆಗೆ ಹೊಂದುವುದನ್ನು ಮಾತ್ರ ತೆರೆದು ತೋರಿಸಿದರೆ ಉಳಿದವು ಇದ್ದವೆಂಬುದೇ ಯಾರಿಗೂ ತಿಳಿಯದು.

ಎರಡನೆಯ ದಾರಿಯ ದೊಡ್ಡ ನಿದರ್ಶನ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಚರಿತ್ರೆಯೊಡನೆ ಹೆಣೆದುಕೊಂಡಿದೆ. ತುಂಗಭದ್ರೆಯ ಈಚೆ ದಡದಲ್ಲಿ ಆನೆಗೊಂದಿ, ಆಚೆ ದಡದಲ್ಲಿ ಹಂಪೆ. ಈ ಎರಡು ದಡಗಳ ನಡುವೆ ಬೆಳೆದ ಸಾಮ್ರಾಜ್ಯದ ಹುಟ್ಟನ್ನೂ ಮುಂದಿನ ಅರಸರನ್ನೂ ವಿದ್ಯಾರಣ್ಯರು ಮೊದಲೇ ನುಡಿದರೆಂದು ಹೇಳುವ ಕಾಲಜ್ಞಾನದ ಗ್ರಂಥಗಳಿವೆ. ವಿದ್ವಾಂಸರು ಓದಿನೋಡಿದಾಗ, ಇವು ನಡೆದುಹೋದ ಕಥೆಯನ್ನು ನಡೆಯಲಿರುವ ಕಥೆಯಂತೆ ಬರೆದವು ಎಂಬುದು ಸ್ಪಷ್ಟವಾಯಿತು. ನಡೆದದ್ದನ್ನು ಹೇಳುವಾಗ ಖಚಿತವಾಗಿರುವ ಮಾತು, ಬರೆದವನ ಕಾಲವನ್ನು ದಾಟಿದೊಡನೆ ಮಸುಕಾಗುವುದು ಇಂಥ ಗ್ರಂಥಗಳ ಸಾಮಾನ್ಯ ಲಕ್ಷಣ. ಹಾಗೆಂದು ಅವನ್ನು ಸುಳ್ಳೆಂದು ಎಸೆಯಬೇಕಿಲ್ಲ. ಜನ ತಮ್ಮ ಗತವೈಭವವನ್ನು ಹೇಗೆ ನೆನೆದರು, ಅದಕ್ಕೆ ಯಾವ ಗುರುವಿನ ಆಶೀರ್ವಾದವನ್ನು ಬಯಸಿದರು ಎಂಬುದಕ್ಕೆ ಅವು ಒಳ್ಳೆಯ ದಾಖಲೆಗಳು. ಆದರೆ ಲಕೋಟೆಯನ್ನು ಯಾವಾಗ ಅಂಟಿಸಿದರು ಎಂದು ಕೇಳದೆ ಅವನ್ನು ಓದುವಂತಿಲ್ಲ.

ಮೈಲಾರದ ಕಾರಣಿಕ ಬೇರೆ ಬಗೆಯದು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಮಾಘಮಾಸದ ಜಾತ್ರೆಯ ದಿನ ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಂತಿರಲು ಒಂದೇ ಒಂದು ಮಾತು ನುಡಿದು ಕೆಳಕ್ಕೆ ಬೀಳುತ್ತಾನೆ. ಇದು ಭಕ್ತಿಯ ಸಂಗತಿ. ಇಲ್ಲಿ ಕೈಚಳಕವಿಲ್ಲ, ಅಡಗಿಸಿಟ್ಟ ಕಾಗದವೂ ಇಲ್ಲ. ಆದರೆ ಆ ಮಾತು ಒಗಟಿನಂತಿರುವುದರಿಂದ ರೈತ ಅದರಲ್ಲಿ ಮಳೆಬೆಳೆಯನ್ನೂ, ವ್ಯಾಪಾರಿ ಧಾರಣೆಯನ್ನೂ, ರಾಜಕಾರಣಿ ಕುರ್ಚಿಯನ್ನೂ ಕಾಣುತ್ತಾನೆ. ಜಾದೂಗಾರ ಹಲವು ಜೇಬುಗಳಲ್ಲಿ ಇಡುವ ಉತ್ತರಗಳನ್ನು ಇಲ್ಲಿ ಕೇಳಿದವರೇ ತಂತಮ್ಮ ಮನಸ್ಸಿನಲ್ಲಿ ಇಟ್ಟುಕೊಂಡು ಮನೆಗೆ ಮರಳುತ್ತಾರೆ.

ಈ ಮೂರಲ್ಲದೆ ನಾಲ್ಕನೆಯ ಸಂಗತಿಯೊಂದಿದೆ. ಕೊಪ್ಪಳದ ಗವಿಮಠದ ಜಾತ್ರೆಯಂಥ ಕಡೆ ಸಾವಿರ ಜನರ ಎದುರು ಒಬ್ಬನು ನಿಂತು, ನೀವೆಲ್ಲ ಒಂದೊಂದು ಎಲೆಯನ್ನು ನೆನೆಯಿರಿ ಎಂದು ಹೇಳಿ, ಸುಮ್ಮನೆ ಒಂದು ಎಲೆಯ ಹೆಸರನ್ನು ಕೂಗಿದನೆಂದು ಭಾವಿಸೋಣ. ಯಾವ ವಿದ್ಯೆಯೂ ಇಲ್ಲದೆ, ಬರಿಯ ಲೆಕ್ಕದ ಪ್ರಕಾರವೇ ಸುಮಾರು 19 ಮಂದಿಗೆ ಅದು ಸರಿಹೊಂದುತ್ತದೆ. ತಪ್ಪಾದ 981 ಮಂದಿ ಮರುದಿನ ಮರೆಯುತ್ತಾರೆ. ಆ 19 ಮಂದಿ ಮಾತ್ರ ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಾರೆ. ಭವಿಷ್ಯ ಹೇಳುವವರ ಕೀರ್ತಿ ಎಷ್ಟೋ ಸಲ ಬೆಳೆಯುವುದು ಹೀಗೆ. ತಪ್ಪಿದವುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಈ ಭಾಗದಲ್ಲಿ ಕೈಚಳಕವನ್ನೂ ಕಣಿಯನ್ನೂ ಒಂದೇ ಜೋಳಿಗೆಯಲ್ಲಿ ಹೊತ್ತವರು ಸುಡುಗಾಡು ಸಿದ್ಧರು. ಊರೂರು ಅಲೆದು, ಅಂಗಳದಲ್ಲಿ ಆಟ ತೋರಿಸಿ, ಭವಿಷ್ಯ ನುಡಿದು, ಕೊಟ್ಟ ಕಾಳನ್ನು ಕಟ್ಟಿಕೊಂಡು ಮುಂದಿನ ಊರಿಗೆ ಹೋಗುತ್ತಿದ್ದ ಬಡವರು. ರಂಗದ ಜಾದೂಗಾರನಿಗಿರುವ ದೀಪ, ಟಿಕೀಟು, ಚಪ್ಪಾಳೆ ಇವರಿಗೆ ದೊರೆಯಲಿಲ್ಲ. ಒಂದೇ ವಿದ್ಯೆ ಮಂಟಪದಲ್ಲಿ ಕಲೆಯೆನಿಸಿಕೊಂಡು ಅಂಗಳದಲ್ಲಿ ಭಿಕ್ಷೆಯೆನಿಸಿಕೊಂಡದ್ದು ನಮ್ಮ ಸಮಾಜದ ಚರಿತ್ರೆಗೂ ಸೇರಿದ ಮಾತು.

ಕಲೆಗೂ ವಂಚನೆಗೂ ಇರುವ ಗೆರೆ ಯಾವುದು ಎಂಬ ಪ್ರಶ್ನೆ ಕಳೆದ ಶತಮಾನದಲ್ಲಿ ಗಟ್ಟಿಯಾಗಿಯೇ ಕೇಳಿಬಂದಿತು. ಕೇರಳದಲ್ಲಿ ಹುಟ್ಟಿ ಸಿಂಹಳದಲ್ಲಿ ನೆಲೆಸಿದ ಅಬ್ರಹಾಂ ಕೋವೂರರು 1963ರಲ್ಲಿ ಪವಾಡಪುರುಷರಿಗೆ ಒಂದು ಲಕ್ಷ ರೂಪಾಯಿಯ ಸವಾಲೆಸೆದರು. ಅವರು ಒಡ್ಡಿದ ಪರೀಕ್ಷೆಗಳಲ್ಲಿ ಒಂದು, ಮುಚ್ಚಿದ ಲಕೋಟೆಯಲ್ಲಿರುವ ನೋಟಿನ ಸಂಖ್ಯೆಯನ್ನು ಓದುವುದು. ಇಲ್ಲಿ ಲಕೋಟೆ ಪರೀಕ್ಷಿಸುವವನದು ಎಂಬುದನ್ನು ಗಮನಿಸಿ. 1978ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಹಣವನ್ನು ಯಾರೂ ಗೆಲ್ಲಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದರು. ವಾಮಾಚಾರದ ವಿರುದ್ಧ ಕರ್ನಾಟಕದಲ್ಲಿ 2017ರಲ್ಲಿ ಕಾನೂನು ರೂಪುಗೊಂಡು 2020ರಲ್ಲಿ ಜಾರಿಗೆ ಬಂದಿತು.

ಕಾನೂನು ತಲುಪದ ಕಡೆಗೂ ಒಂದು ಕಟ್ಟು ಇಸ್ಪೀಟೆಲೆ ತಲುಪಬಲ್ಲದು. ರಂಗದ ಮೇಲಿನವನು ಇದು ಆಟವೆಂದು ಹೇಳಿಯೇ ನಮ್ಮನ್ನು ಮರುಳುಮಾಡುತ್ತಾನೆ. ಆ ಪ್ರಾಮಾಣಿಕತೆಗಾಗಿಯೇ ಅವನಿಗೆ ಚಪ್ಪಾಳೆ ಸಲ್ಲಬೇಕು. ನಿಧಿಯ ಆಸೆ ತೋರಿಸಿ, ರೋಗದ ಭಯ ಹುಟ್ಟಿಸಿ, ಮನೆಯ ಹೆಣ್ಣುಮಗಳ ಕೊರಳ ತಾಳಿಯವರೆಗೂ ಕೈ ಚಾಚುವವನು ಮುಂದೆ ಬಂದು ಕುಳಿತಾಗ ಮಾತ್ರ ಆ ಆಟ ಕಲಿಸಿದ ನಾಲ್ಕು ಪ್ರಶ್ನೆಗಳು ನೆನಪಾಗಲಿ. ಆರಿಸಿದವರು ಯಾರು? ಬರೆದದ್ದು ಯಾವಾಗ? ಬರೆದದ್ದು ಎಷ್ಟು? ತಪ್ಪಿದ್ದನ್ನು ಎಣಿಸಿದವರು ಯಾರು?