ಯೋಜನಾ ನಿರ್ವಹಣೆಯ ಪ್ರಮಾಣಪತ್ರ: ಉಗಮ ಮತ್ತು ಬೆಲೆ

ನಿಶ್ಚಿತವಾದ ಆದಿ, ನಿಶ್ಚಿತವಾದ ಅಂತ್ಯ, ಗೊತ್ತುಪಡಿಸಿದ ವೆಚ್ಚ, ಇವುಗಳಿಗೆ ಒಳಪಟ್ಟ ಕಾರ್ಯವನ್ನು ‘ಯೋಜನೆ’ ಎಂದು ಕರೆಯುವುದು ವಾಡಿಕೆ. ಅಂತಹ ಕಾರ್ಯವನ್ನು ನಡೆಸುವ ಶಕ್ತಿ ಒಬ್ಬರಿಗಿದೆಯೆಂದು ಪರೀಕ್ಷೆಯ ಮೂಲಕ ಪ್ರಮಾಣೀಕರಿಸುವ ಪದ್ಧತಿಯಾದರೋ ತೀರ ಈಚಿನದು. ಪದವೀಧರರೂ ವೃತ್ತಿನಿರತರೂ ಇದಕ್ಕಾಗಿ ಇಂದು ಹಣವನ್ನೂ ಕಾಲವನ್ನೂ ವ್ಯಯಿಸುತ್ತಿರುವುದರಿಂದ, ಈ ಪತ್ರದ ನಿಜವಾದ ಬೆಲೆ ಏನೆಂಬುದು ವಿಚಾರಾರ್ಹವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಈ ಪದ್ಧತಿಯ ಚರಿತ್ರೆಯಲ್ಲಿ ಅರಸುವುದು ಪ್ರಕೃತ ಲೇಖನದ ಉದ್ದೇಶ.

ಪ್ರಮಾಣಪತ್ರಗಳಿಲ್ಲದ ಕಾಲದಲ್ಲಿಯೂ ಮಹಾಕಾರ್ಯಗಳು ನಡೆದುವೆಂಬುದು ನಿರ್ವಿವಾದ. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾದಾಗ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು. ಅವರು 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿ, ದೀರ್ಘಕಾಲದ ಅನುಭವವನ್ನು ಗಳಿಸಿದ್ದರು. ಪುಣೆಯ ಸಮೀಪದ ಖಡಕವಾಸ್ಲಾ ಜಲಾಶಯದಲ್ಲಿ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳೇ ಅವರ ಯೋಗ್ಯತೆಗೆ ಸಾಕ್ಷಿಯಾಗಿದ್ದುವು. ಕೆಲಸವನ್ನು ವಹಿಸುವವರು ಅದನ್ನು ಮಾಡುವವರ ಹಿಂದಿನ ಕೃತಿಗಳನ್ನು ಕಂಡೋ ಕೇಳಿಯೋ ಬಲ್ಲವರಾಗಿದ್ದಲ್ಲಿ ಬೇರೆ ಪತ್ರದ ಅವಶ್ಯಕತೆ ಹೆಚ್ಚಾಗಿ ಉಂಟಾಗದು.

ಈ ಸ್ಥಿತಿ ಬದಲಾಗುವುದಕ್ಕೆ ಮೊದಲು, ನಿರ್ವಹಣೆಯು ಕಲಿಸಬಹುದಾದ ಒಂದು ವಿದ್ಯೆಯೆಂಬ ಭಾವನೆ ಬೆಳೆಯಬೇಕಾಗಿತ್ತು. ಅಮೆರಿಕದ ಹೆನ್ರಿ ಗ್ಯಾಂಟ್ (1861–1919) ಕಾಲಾನುಕ್ರಮದ ನಕ್ಷೆಗಳನ್ನು ಬಳಕೆಗೆ ತಂದನು. 1957ರ ಸುಮಾರಿಗೆ ಡ್ಯುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆಗಳು ಕ್ರಿಟಿಕಲ್ ಪಾತ್ ವಿಧಾನವನ್ನು ರೂಪಿಸಿದುವು. ಯಾವ ಕೆಲಸ ತಡವಾದರೆ ಇಡೀ ಯೋಜನೆಯೇ ತಡವಾಗುವುದೆಂಬುದನ್ನು ಗಣಿತದಿಂದ ಗುರುತಿಸುವುದೇ ಇದರ ತಿರುಳು. 1958ರಲ್ಲಿ ಅಮೆರಿಕದ ನೌಕಾಪಡೆಯು ಪೊಲಾರಿಸ್ ಕ್ಷಿಪಣಿಯ ಕಾರ್ಯಕ್ಕಾಗಿ ‘ಪರ್ಟ್’ ಎಂಬ ವಿಧಾನವನ್ನು ಪ್ರಕಟಿಸಿತು. ಪೊಲಾರಿಸ್ ಯಶಸ್ವಿಯಾಗಲು ಪರ್ಟ್ ಕೂಡ ಲೋಕಪ್ರಸಿದ್ಧವಾಯಿತು. ಆದರೆ 1972ರಲ್ಲಿ ಹಾರ್ವೆ ಸಪೋಲ್ಸ್ಕಿ ಎಂಬ ವಿದ್ವಾಂಸರು ಈ ಕಾರ್ಯದ ಚರಿತ್ರೆಯನ್ನು ಪರಿಶೀಲಿಸಿ, ಪರ್ಟ್ ಕೆಲಸವನ್ನು ನಡೆಸಿದುದಕ್ಕಿಂತ ಹೆಚ್ಚಾಗಿ ಹೊರಗಿನವರ ವಿಶ್ವಾಸವನ್ನು ಗಳಿಸಿಕೊಟ್ಟಿತೆಂದು ತೋರಿಸಿದರು. ವಿಧಾನದ ಕೀರ್ತಿ ಬೇರೆ, ಅದರ ಉಪಯೋಗ ಬೇರೆ ಎಂಬ ಈ ವಿವೇಕ ನಮ್ಮ ಪ್ರಶ್ನೆಗೂ ಅನ್ವಯಿಸುತ್ತದೆ.

1969ರಲ್ಲಿ ಅಮೆರಿಕದಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಸ್ಥಾಪಿತವಾಯಿತು. ಆದರೆ ಆ ಸಂಸ್ಥೆ ತನ್ನ ಮೊದಲನೆಯ ವೃತ್ತಿಪರೀಕ್ಷೆಯನ್ನು ನಡೆಸಿದುದು 1984ರಲ್ಲಿ. ವೃತ್ತಿಯೆನಿಸಿಕೊಳ್ಳಲು ನೀತಿಸಂಹಿತೆ, ಒಪ್ಪಿತವಾದ ಜ್ಞಾನಭಂಡಾರ, ಪರೀಕ್ಷೆ ಈ ಮೂರೂ ಬೇಕೆಂಬ ತಿಳಿವಳಿಕೆ ಈ ನಡುವಣ 15 ವರ್ಷಗಳಲ್ಲಿ ಮೂಡಿತು. ಆ ಜ್ಞಾನಭಂಡಾರ 1996ರಲ್ಲಿ ಕೈಪಿಡಿಯ ರೂಪವನ್ನು ತಳೆಯಿತು. ಬ್ರಿಟನ್ನಿನ ದಾರಿ ಬೇರೆ. ಅಲ್ಲಿ ಸರ್ಕಾರವೇ 1989ರಲ್ಲಿ ‘ಪ್ರಿನ್ಸ್’ ಎಂಬ ಕ್ರಮವನ್ನು ತನ್ನ ಗಣಕ ಯೋಜನೆಗಳಿಗೆ ವಿಧಿಸಿತು; 1996ರಲ್ಲಿ ಅದು ‘ಪ್ರಿನ್ಸ್ 2’ ಎಂಬ ಹೆಸರಿನಿಂದ ಎಲ್ಲ ಬಗೆಯ ಯೋಜನೆಗಳಿಗೂ ವಿಸ್ತರಿಸಿತು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಅರ್ಹತೆಯ ನಿಯಮ. ಅಮೆರಿಕದ ಸಂಸ್ಥೆಯ ಪಿ.ಎಂ.ಪಿ. ಪರೀಕ್ಷೆಗೆ ಕೂಡುವ ಪದವೀಧರರು ಯೋಜನೆಗಳನ್ನು ಮುನ್ನಡೆಸಿದ 36 ತಿಂಗಳ ಅನುಭವವನ್ನು ತೋರಿಸಬೇಕೆಂಬ ಷರತ್ತು ಬಳಕೆಗೆ ಬಂದಿತು. ಆದುದರಿಂದ ಈ ಪತ್ರ ನುಡಿಯುವ ಸಾಕ್ಷ್ಯ ಎರಡು ಬಗೆಯದು: ಓದಿದ್ದಾರೆ, ಮತ್ತು ಮಾಡಿದ್ದಾರೆ. ಅನುಭವವಿಲ್ಲದವರಿಗಾಗಿ ಅದೇ ಸಂಸ್ಥೆ ನಡೆಸುವ ಸಿ.ಎ.ಪಿ.ಎಂ. ಪತ್ರವಾದರೋ ಮೊದಲನೆಯದನ್ನು ಮಾತ್ರ ನುಡಿಯುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯುಕ್ತವಲ್ಲ.

ಬೆಂಗಳೂರಿನ ಅನುಭವ ಇದನ್ನು ವಿಶದಪಡಿಸುತ್ತದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ನೆಲೆಯೂರಿತು. ಆ ಬಳಿಕ ಸಮುದ್ರದಾಚೆಯ ಗಿರಾಕಿಗಳಿಗಾಗಿ ಇಲ್ಲಿಂದಲೇ ಕೆಲಸ ಮಾಡುವ ಪದ್ಧತಿ ಬೆಳೆಯಿತು. ಕೆಲಸವನ್ನು ಒಪ್ಪಿಸುವವರು ಮಾಡುವವರನ್ನು ಕಂಡವರಲ್ಲ, ಅವರ ಹಿಂದಿನ ಕೃತಿಗಳನ್ನು ಬಲ್ಲವರಲ್ಲ. ಪರಿಚಯವಿಲ್ಲದೆಡೆ ಪತ್ರವೇ ಪರಿಚಯ. ಎರಡು ದೇಶಗಳ ಜನ ಒಂದೇ ಪರಿಭಾಷೆಯಲ್ಲಿ ಮಾತನಾಡಲು ಅದು ನೆರವಾಗುವುದೂ ಸಣ್ಣ ಲಾಭವಲ್ಲ.

ಮೇಲಣ ವಿವೇಚನೆಯಿಂದ ತಿಳಿಯುವುದಿಷ್ಟು. ವೃತ್ತಿನಿರತರಿಗೆ ಪ್ರಮಾಣಪತ್ರವು ಗಳಿಸಿದ ಅನುಭವವನ್ನು ಅಪರಿಚಿತರ ಮುಂದೆ ಮಂಡಿಸುವ ಸಾಧನ. ಪದವೀಧರರಿಗೆ ಅದು ವೃತ್ತಿಯ ಭಾಷೆಯನ್ನು ಕಲಿಸುವ ಪಾಠ. ವೃತ್ತಿಯನ್ನೇ ಕೈಗೆ ಕೊಡುವ ವರವಲ್ಲ. ನೇಮಿಸುವವರು ಪತ್ರವನ್ನು ನೋಡಿ ನಿಲ್ಲದೆ, ಅದರ ಹಿಂದಿರುವ ಕೆಲಸ ಯಾವುದೆಂದು ವಿಚಾರಿಸಬೇಕು. ಅನುಭವದ ಸಾಕ್ಷ್ಯವೇ ಪತ್ರಕ್ಕೆ ಬೆಲೆ ತಂದಿತು. ಆ ಸಾಕ್ಷ್ಯ ಶಿಥಿಲವಾದಷ್ಟೂ ಪತ್ರದ ಬೆಲೆ ಕುಗ್ಗುವುದು ಸಹಜ.